ಹೃದಯಕ್ಕೆ ದಾರಿ ತೋರಿದ ಮೂತ್ರರೋಗ ತಜ್ಞ

ಅಪಧಮನಿಯೊಳಗೆ ತೂರಿಸಿದ ಸಣ್ಣ ನಳಿಕೆಯ ಮೂಲಕ ಕ್ಯಾನ್ಸರ್ ಔಷಧವನ್ನು ನೇರವಾಗಿ ಗಡ್ಡೆಗೇ ತಲುಪಿಸುವ ಚಿಕಿತ್ಸೆ ಯಕೃತ್ತಿನ ಕ್ಯಾನ್ಸರ್‌ನಲ್ಲಿ ಇಂದು ಬಳಕೆಯಲ್ಲಿದೆ. ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿಯೂ ಅದನ್ನು ಪ್ರಯೋಗಿಸಿ ನೋಡಲಾಗಿದೆಯಾದರೂ ಅಲ್ಲಿ ಅದಿನ್ನೂ ರೂಢಿಯ ಚಿಕಿತ್ಸೆಯಾಗಿಲ್ಲ. ರಕ್ತನಾಳವನ್ನೇ ಹಾದಿಯಾಗಿಸಿಕೊಂಡ ಈ ವಿದ್ಯೆಗೆ ಆರಂಭದಲ್ಲೇ ಧೈರ್ಯ ತುಂಬಿದವರು ಜರ್ಮನಿಯ ವರ್ನರ್ ಫೋರ್ಸ್‌ಮನ್.

1904ರಲ್ಲಿ ಬರ್ಲಿನ್‌ನಲ್ಲಿ ಜನಿಸಿದ ಅವರು 1929ರಲ್ಲಿ ಎಬರ್ಸ್‌ವಾಲ್ಡೆಯ ಆಸ್ಪತ್ರೆಯಲ್ಲಿ ಕಿರಿಯ ವೈದ್ಯರಾಗಿದ್ದರು. ಎದೆಗೆ ಸೂಜಿ ಚುಚ್ಚದೆ ಹೃದಯಕ್ಕೆ ಔಷಧ ತಲುಪಿಸಲು ತೋಳಿನ ಅಭಿಧಮನಿಯೇ ದಾರಿಯಾಗಬಲ್ಲದೆಂಬುದು ಅವರ ತರ್ಕ. ಮುಖ್ಯ ವೈದ್ಯರು ಅನುಮತಿ ನಿರಾಕರಿಸಿದರು. ಪ್ರಯೋಗಕ್ಕೆ ತನ್ನನ್ನೇ ಒಡ್ಡಿಕೊಳ್ಳಲು ಒಪ್ಪಿದ ದಾದಿಯನ್ನು ಫೋರ್ಸ್‌ಮನ್ ಮೇಜಿಗೆ ಬಿಗಿದು, ಅವಳಿಗೆ ತಿಳಿಯದಂತೆ ತಮ್ಮದೇ ಎಡತೋಳನ್ನು ಕೊಯ್ದುಕೊಂಡರು. ಮೂತ್ರನಾಳಕ್ಕೆಂದು ತಯಾರಾದ ನಳಿಕೆಯನ್ನು ಸುಮಾರು 65 ಸೆಂಟಿಮೀಟರ್ ಒಳತೂರಿಸಿ ಎಕ್ಸ್‌ರೇ ಕೋಣೆಗೆ ನಡೆದರು. ನಳಿಕೆಯ ತುದಿ ಹೃದಯದ ಬಲಭಾಗವನ್ನು ಮುಟ್ಟಿದ್ದು ಚಿತ್ರದಲ್ಲಿ ದಾಖಲಾಯಿತು.

ಮನ್ನಣೆಯ ಬದಲು ಅವರಿಗೆ ದೊರೆತದ್ದು ಅಸಡ್ಡೆ. ಬರ್ಲಿನ್‌ನ ಶಾರಿಟೆ ಆಸ್ಪತ್ರೆಯಲ್ಲಿ ನೆಲೆ ನಿಲ್ಲಲಾಗದೆ, ಕಡೆಗೆ ಮೂತ್ರರೋಗ ಚಿಕಿತ್ಸೆಯತ್ತ ಹೊರಳಿದರು. 1932ರಲ್ಲಿ ನಾಜಿ ಪಕ್ಷ ಸೇರಿದರು. ಎರಡನೆಯ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿದ್ದು ಅಮೆರಿಕನ್ನರ ಸೆರೆಯಾಳಾದರು. ತಮ್ಮ ದೇಹವನ್ನೇ ಪಣಕ್ಕಿಟ್ಟ ವೈದ್ಯ, ಕೈದಿಗಳ ದೇಹಗಳನ್ನು ಅವರ ಒಪ್ಪಿಗೆಯಿಲ್ಲದೆ ಪ್ರಯೋಗಕ್ಕೆ ಬಳಸಿದ ಆಳ್ವಿಕೆಯ ಪಕ್ಷದ ಸದಸ್ಯರಾಗಿದ್ದರು. ಈ ಕಳಂಕವನ್ನು ಯಾವ ಸಾಹಸವೂ ತೊಳೆಯಲಾರದು.

ಅತ್ತ ನ್ಯೂಯಾರ್ಕ್‌ನಲ್ಲಿ ಆಂದ್ರೆ ಕುರ್ನಾನ್ ಮತ್ತು ಡಿಕಿನ್ಸನ್ ರಿಚರ್ಡ್ಸ್ ಅದೇ ವಿಧಾನವನ್ನು ಹೃದ್ರೋಗ ಪರೀಕ್ಷೆಯ ಶಾಸ್ತ್ರವಾಗಿ ಬೆಳೆಸಿದರು. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಸೂಜಿ ಮತ್ತು ತಂತಿಯ ನೆರವಿನಿಂದ ಅಪಧಮನಿಯ ಪ್ರವೇಶವನ್ನು ಸುಲಭಗೊಳಿಸಿದರು. 1956ರಲ್ಲಿ ಕುರ್ನಾನ್ ಮತ್ತು ರಿಚರ್ಡ್ಸ್‌ರೊಂದಿಗೆ ನೊಬೆಲ್ ಪ್ರಶಸ್ತಿ ಹಂಚಿಕೊಂಡಾಗ, ಫೋರ್ಸ್‌ಮನ್ ಬಾಡ್ ಕ್ರಾಯಿಜ್ನಾಕ್ ಎಂಬ ಸಣ್ಣ ಊರಿನಲ್ಲಿ ಮೂತ್ರರೋಗ ತಜ್ಞರಾಗಿದ್ದರು. 1979ರಲ್ಲಿ ಅವರನ್ನು ಬಲಿ ತೆಗೆದುಕೊಂಡದ್ದು ಹೃದ್ರೋಗವೇ.

ಅನುಮತಿಯನ್ನು ಮೀರಿದ ಅಂಥ ಪ್ರಯೋಗಕ್ಕೆ ಇಂದು ಅವಕಾಶವಿಲ್ಲ, ಇರಲೂಬಾರದು. ದಾರಿ ತೆರೆದ ಮಾತ್ರಕ್ಕೆ ಗುರಿ ಸಿದ್ಧಿಸಿತೆಂದಲ್ಲ. ಔಷಧ ಗಡ್ಡೆಯನ್ನು ತಲುಪುವುದು ಒಂದು, ರೋಗಿಯ ಆಯುಷ್ಯ ಹೆಚ್ಚುವುದು ಇನ್ನೊಂದು. ಎರಡನೆಯದು ಸಾಬೀತಾಗಬೇಕಾದುದು ಒಬ್ಬರ ಎದೆಗಾರಿಕೆಯಿಂದಲ್ಲ, ಹಲವು ರೋಗಿಗಳ ಮೇಲಿನ ತಾಳ್ಮೆಯ ಅಧ್ಯಯನದಿಂದ. ಹೊಸ ಚಿಕಿತ್ಸೆಯ ಭರವಸೆ ಎದುರಾದಾಗ, ಅದು ಸಿದ್ಧವೋ ಪ್ರಯೋಗವೋ ಎಂದು ಕೇಳುವುದು ರೋಗಿಯ ಹಕ್ಕು; ಮುಚ್ಚುಮರೆಯಿಲ್ಲದೆ ಉತ್ತರಿಸುವುದು ವೈದ್ಯರ ಧರ್ಮ.