ಟಾಮಿ ಕೊನೊ: ಮುಳ್ಳುಬೇಲಿಯ ಒಳಗೆ ಭಾರ ಎತ್ತಲು ಕಲಿತ ಹುಡುಗ

ವೇಟ್‌ಲಿಫ್ಟಿಂಗ್ ಬಗ್ಗೆ ಸ್ವಲ್ಪ ಗೊತ್ತಿರುವವರಿಗೆ ಟಾಮಿ ಕೊನೊ ಹೆಸರು ಹೊಸದಲ್ಲ. ಅಮೆರಿಕಕ್ಕೆ ಎರಡು ಒಲಿಂಪಿಕ್ ಚಿನ್ನ, ಒಂದು ಬೆಳ್ಳಿ ಗೆದ್ದುಕೊಟ್ಟವರು. ಆದರೆ ಅವರು ಭಾರ ಎತ್ತಲು ಕಲಿತದ್ದು ಯಾವುದೋ ದೊಡ್ಡ ಜಿಮ್ಮಿನಲ್ಲಿ ಅಲ್ಲ. ಅಮೆರಿಕ ಸರಕಾರವೇ ಅವರ ಕುಟುಂಬವನ್ನು ಕೂಡಿಹಾಕಿದ್ದ ಶಿಬಿರದಲ್ಲಿ.

ಟಾಮಿಯ ಪೂರ್ಣ ಹೆಸರು ತಮಿಯೊ ಕೊನೊ. ಹುಟ್ಟಿದ್ದು 1930ರ ಜೂನ್ 27ರಂದು, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನಗರದಲ್ಲಿ. ಹೆತ್ತವರು ಜಪಾನಿನಿಂದ ವಲಸೆ ಬಂದವರು. ಹುಡುಗನಿಗೆ ಚಿಕ್ಕಂದಿನಿಂದಲೇ ಆಸ್ತಮಾ. ಉಸಿರಾಟದ ತೊಂದರೆಯಿಂದ ಶಾಲೆ ತಪ್ಪುವುದೇ ಜಾಸ್ತಿ. ಮನೆಯವರು ತಮಗೆ ಗೊತ್ತಿದ್ದ ನಾಟಿ ಮದ್ದುಗಳನ್ನೆಲ್ಲ ಮಾಡಿ ನೋಡಿದರು. ಯಾವುದೂ ಹಿಡಿಯಲಿಲ್ಲ. ತೆಳ್ಳಗೆ, ಬಡಕಲಾಗಿ ಬೆಳೆದ ಈ ಹುಡುಗ ಮುಂದೊಂದು ದಿನ ಲೋಕದ ಬಲಶಾಲಿಗಳ ಸಾಲಿನಲ್ಲಿ ನಿಲ್ಲುತ್ತಾನೆಂದು ಯಾರೂ ಊಹಿಸುವಂತಿರಲಿಲ್ಲ.

1941ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ಅದರ ಸಿಟ್ಟು ಅಮೆರಿಕದಲ್ಲೇ ಇದ್ದ ಜಪಾನಿ ಮೂಲದವರ ಮೇಲೆ ತಿರುಗಿತು. 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯ ಸುಮಾರು 1.20 ಲಕ್ಷ ಜನರನ್ನು ಮನೆಗಳಿಂದ ಎಬ್ಬಿಸಿ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರನೇ ಎರಡು ಪಾಲು ಜನ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಯಾರ ಮೇಲೂ ಕೇಸಿಲ್ಲ, ವಿಚಾರಣೆಯಿಲ್ಲ. ಕೈಯಲ್ಲಿ ಹೊರುವಷ್ಟು ಸಾಮಾನು ಮಾತ್ರ ಒಯ್ಯಬಹುದಿತ್ತು. ಅಂಗಡಿ, ಹೊಲ, ವಾಹನಗಳನ್ನು ಜನ ಸಿಕ್ಕಿದ ಬೆಲೆಗೆ ಮಾರಿ ಹೊರಟರು.

ಕೊನೊ ಕುಟುಂಬ ಸೇರಿದ್ದು ಉತ್ತರ ಕ್ಯಾಲಿಫೋರ್ನಿಯಾದ ಟೂಲಿ ಲೇಕ್ ಶಿಬಿರವನ್ನು. ಸುತ್ತ ಮುಳ್ಳುತಂತಿ, ಕಾವಲು ಗೋಪುರ, ಬಂದೂಕು ಹಿಡಿದ ಸೈನಿಕರು. ಒಳಗೆ ಮರದ ಹಲಗೆಯ ಸಾಲುಮನೆಗಳು. ಒಂದು ಹಂತದಲ್ಲಿ ಅಲ್ಲಿ 18 ಸಾವಿರಕ್ಕೂ ಹೆಚ್ಚು ಜನರಿದ್ದರು. ಟಾಮಿಗೆ ಆಗ 12 ವರ್ಷ.

ಎತ್ತರದ ಆ ಬಯಲಿನ ಒಣ ಹವೆಯಲ್ಲಿ ಟಾಮಿಯ ಆಸ್ತಮಾ ಮಾತ್ರ ಕಡಿಮೆಯಾಗುತ್ತಾ ಬಂತು. ಅಕ್ಕಪಕ್ಕದ ಯುವಕರು ಹೊತ್ತು ಕಳೆಯಲು ಭಾರ ಎತ್ತುತ್ತಿದ್ದರು. ಅವರು ಈ ಬಡಕಲು ಹುಡುಗನನ್ನೂ ಕರೆದರು. ಮೊದಲು ಸಣ್ಣ ಡಂಬೆಲ್, ಆಮೇಲೆ ಬಾರ್‌ಬೆಲ್. ಹೀಗೆ ಮೂರು ವರ್ಷಕ್ಕೂ ಹೆಚ್ಚು ಕಾಲ ಬೇಲಿಯೊಳಗೆ ಕಳೆದ ಟಾಮಿ, ಯುದ್ಧ ಮುಗಿದು ಸ್ಯಾಕ್ರಮೆಂಟೊಗೆ ಮರಳುವಾಗ ಗಟ್ಟಿಮುಟ್ಟಾಗಿದ್ದರು.

1948ರಲ್ಲಿ ಮೊದಲ ಸ್ಪರ್ಧೆ. ಕೆಲವೇ ವರ್ಷಗಳಲ್ಲಿ ರಾಷ್ಟ್ರಮಟ್ಟ. ಅಷ್ಟರಲ್ಲಿ ಕೊರಿಯಾ ಯುದ್ಧ ಬಂತು, ಟಾಮಿಯನ್ನು ಸೇನೆಗೆ ಸೇರಿಸಿಕೊಂಡರು. ಒಮ್ಮೆ ಶಂಕೆಯಿಂದ ಕೂಡಿಹಾಕಿದ ಹುಡುಗನಿಗೆ ಈಗ ಅದೇ ದೇಶದ ಸಮವಸ್ತ್ರ. ಒಲಿಂಪಿಕ್ಸ್‌ಗೆ ಹೋಗುವ ಸಾಮರ್ಥ್ಯ ಇದೆಯೆಂದು ಗೊತ್ತಾದ ಮೇಲೆ ಅವರನ್ನು ಯುದ್ಧಕ್ಕೆ ಕಳಿಸದೆ ಅಮೆರಿಕದಲ್ಲೇ ಉಳಿಸಿಕೊಂಡರು.

1952ರ ಹೆಲ್ಸಿಂಕಿ ಒಲಿಂಪಿಕ್ಸ್. 67.5 ಕಿಲೋ ವಿಭಾಗದಲ್ಲಿ ಒಟ್ಟು 362.5 ಕಿಲೋ ಎತ್ತಿ ಕೊನೊ ಚಿನ್ನ ಗೆದ್ದರು. ಇನ್ನೊಂದು ಸಂಗತಿಯೂ ಅದೇ ಬೇಸಿಗೆಯದ್ದು. ಜಪಾನಿನಿಂದ ವಲಸೆ ಬಂದವರು ಅಲ್ಲಿಯವರೆಗೆ ಎಷ್ಟು ವರ್ಷ ಬದುಕಿದರೂ ಅಮೆರಿಕದ ಪ್ರಜೆಯಾಗುವಂತಿರಲಿಲ್ಲ. ಅವರಿಗೆ ಪೌರತ್ವದ ದಾರಿ ತೆರೆದ ಕಾನೂನು ಪಾಸಾದದ್ದು 1952ರ ಜೂನ್ ಕೊನೆಯಲ್ಲಿ. ಅದಾಗಿ ಒಂದು ತಿಂಗಳಲ್ಲೇ ಅಂಥ ವಲಸಿಗರ ಮಗ ಅಮೆರಿಕದ ಅಂಗಿ ತೊಟ್ಟು ಪದಕದ ವೇದಿಕೆ ಹತ್ತಿದ್ದರು.

1956ರಲ್ಲಿ ಮೆಲ್ಬರ್ನ್. ಈ ಸಲ 82.5 ಕಿಲೋ ವಿಭಾಗ. ಒಟ್ಟು 447.5 ಕಿಲೋ, ವಿಶ್ವದಾಖಲೆಯೊಂದಿಗೆ ಮತ್ತೆ ಚಿನ್ನ. 1960ರ ರೋಮ್‌ನಲ್ಲಿ 75 ಕಿಲೋ ವಿಭಾಗದಲ್ಲಿ ಬೆಳ್ಳಿ. ಮೂರು ಒಲಿಂಪಿಕ್ಸ್, ಮೂರೂ ಬೇರೆ ಬೇರೆ ವಿಭಾಗ. ತಂಡಕ್ಕೆ ಯಾವ ವಿಭಾಗದಲ್ಲಿ ಆಳು ಬೇಕೋ ಅದಕ್ಕೆ ತಕ್ಕಂತೆ ತಿಂದು ತೂಕ ಏರಿಸಿ, ಊಟ ಕಡಿಮೆ ಮಾಡಿ ತೂಕ ಇಳಿಸಿ ಸ್ಪರ್ಧಿಸುತ್ತಿದ್ದರು. 1953ರಿಂದ 1959ರ ನಡುವೆ ಆರು ಸಲ ವಿಶ್ವ ಚಾಂಪಿಯನ್. ಒಟ್ಟು 26 ವಿಶ್ವದಾಖಲೆಗಳು, ಅದೂ ನಾಲ್ಕು ತೂಕದ ವಿಭಾಗಗಳಲ್ಲಿ. ಸಾಲದ್ದಕ್ಕೆ 1955, 1957 ಮತ್ತು 1961ರಲ್ಲಿ ದೇಹದಾರ್ಢ್ಯದ ಮಿಸ್ಟರ್ ಯೂನಿವರ್ಸ್ ಪಟ್ಟ ಬೇರೆ.

ಮೊಣಕಾಲಿನ ನೋವಿನಿಂದಾಗಿ 60ರ ದಶಕದ ನಡುವೆ ಸ್ಪರ್ಧೆ ಬಿಟ್ಟರು. ಆದರೆ ಆ ನೋವನ್ನೂ ಅವರು ದಂಡ ಮಾಡಲಿಲ್ಲ. ಮುಳುಗುಗಾರರ ಉಡುಪಿಗೆ ಬಳಸುವ ರಬ್ಬರಿನಂಥ ಬಟ್ಟೆಯಿಂದ ಮೊಣಕಾಲಿಗೆ ಹಾಕುವ ಪಟ್ಟಿ ಮಾಡಿಸಿದರು. ಇವತ್ತು ನಮ್ಮ ಊರಿನ ಜಿಮ್‌ಗಳಲ್ಲೂ ಹುಡುಗರು ಹಾಕಿಕೊಳ್ಳುವ ನೀ ಸ್ಲೀವ್‌ನ ಹಿಂದೆ ಕೊನೊ ಅವರ ಈ ಪ್ರಯೋಗವೂ ಇದೆ.

ಆಮೇಲಿನ ಬದುಕೆಲ್ಲ ಕಲಿಸುವುದರಲ್ಲೇ. 1968ರಲ್ಲಿ ಒಲಿಂಪಿಕ್ಸ್ ನಡೆಸಿದ ಮೆಕ್ಸಿಕೊ ತನ್ನ ತಂಡ ಕಟ್ಟಲು ಕರೆದದ್ದು ಕೊನೊ ಅವರನ್ನು. ಅದಾದ ಮೇಲೆ 1972ರ ಮ್ಯೂನಿಕ್ ಒಲಿಂಪಿಕ್ಸ್‌ಗಾಗಿ ಪಶ್ಚಿಮ ಜರ್ಮನಿ ಕರೆಯಿತು. ಅಲ್ಲಿ ಅತಿ ಭಾರದ ವಿಭಾಗದಲ್ಲಿ ಜರ್ಮನಿಯ ರುಡಾಲ್ಫ್ ಮಾಂಗ್ ಬೆಳ್ಳಿ ಗೆದ್ದರು. 1976ರಲ್ಲಿ ಕೊನೊ ತಮ್ಮದೇ ದೇಶದ ಒಲಿಂಪಿಕ್ ತಂಡದ ಕೋಚ್ ಆದರು. ಹೆಣ್ಣುಮಕ್ಕಳಿಗೆ ವಿಶ್ವ ಚಾಂಪಿಯನ್‌ಶಿಪ್ ಶುರುವಾದದ್ದು 1987ರಲ್ಲಿ. ಮಹಿಳಾ ವೇಟ್‌ಲಿಫ್ಟಿಂಗ್‌ಗೆ ಇನ್ನೂ ಬೆಲೆ ಇಲ್ಲದ ಆ ದಿನಗಳಲ್ಲಿ ಅಮೆರಿಕದ ಮಹಿಳಾ ತಂಡಕ್ಕೂ ಕಲಿಸಿದರು.

ಇಷ್ಟು ದೊಡ್ಡ ಹೆಸರಿದ್ದರೂ ಹೊಟ್ಟೆಪಾಡಿಗೆ ಮಾಡಿದ್ದು ಹವಾಯಿಯ ಹೊನೊಲುಲು ನಗರದ ಉದ್ಯಾನ ಮತ್ತು ಮನರಂಜನಾ ಇಲಾಖೆಯ ನೌಕರಿ. ಬಿಡುವಿನಲ್ಲಿ ಊರಿನ ಹುಡುಗ ಹುಡುಗಿಯರಿಗೆ ತರಬೇತಿ. ತೋಳ್ಬಲಕ್ಕಿಂತ ತಂತ್ರ ಮುಖ್ಯ, ತಂತ್ರಕ್ಕಿಂತ ಮನಸ್ಸು ಮುಖ್ಯ ಎಂಬುದು ಅವರ ಪಾಠದ ತಿರುಳು. ಕಲಿತದ್ದನ್ನೆಲ್ಲ 2001ರಲ್ಲಿ ಪುಸ್ತಕವಾಗಿ ಬರೆದಿಟ್ಟರು.

ಇತ್ತ ಶಿಬಿರಗಳ ಬಗ್ಗೆ ಸರಕಾರವೇ ನೇಮಿಸಿದ ಆಯೋಗ ತನಿಖೆ ನಡೆಸಿತು. ಜನರನ್ನು ಕೂಡಿಹಾಕಿದ್ದು ಭದ್ರತೆಯ ಅಗತ್ಯದಿಂದಲ್ಲ, ಜನಾಂಗದ್ವೇಷ ಮತ್ತು ಯುದ್ಧದ ಉನ್ಮಾದದಿಂದ ಎಂದು ಅದು ವರದಿ ಕೊಟ್ಟಿತು. 1988ರಲ್ಲಿ ಅಮೆರಿಕ ಅಧಿಕೃತವಾಗಿ ಕ್ಷಮೆ ಕೇಳಿ, ಬದುಕಿದ್ದ ಪ್ರತಿಯೊಬ್ಬರಿಗೂ 20 ಸಾವಿರ ಡಾಲರ್ ಪರಿಹಾರ ಘೋಷಿಸಿತು. 46 ವರ್ಷ ಕಳೆದಿತ್ತು. ಕ್ಷಮೆಯ ಮಾತು ಕೇಳಲು ಹಿರಿಯರಲ್ಲಿ ಅದೆಷ್ಟೋ ಮಂದಿ ಉಳಿದಿರಲಿಲ್ಲ.

ಕೊನೊ ಆ ಕ್ಷಮೆಗಾಗಿ ಕಾದು ಕೂತವರಲ್ಲ. ಅದು ಬರುವ ಹೊತ್ತಿಗೆ ತಾವು ಗೆಲ್ಲುವುದನ್ನೆಲ್ಲ ಗೆದ್ದು, ಮೂರು ದೇಶಗಳ ಮಕ್ಕಳಿಗೆ ವಿದ್ಯೆ ಹಂಚಿಯಾಗಿತ್ತು. ಹಾಗಂತ ಆದ ಅನ್ಯಾಯ ಸಣ್ಣದಾಗುವುದಿಲ್ಲ. ಬೇಲಿಯಿಂದ ಟಾಮಿಗೆ ಒಳ್ಳೆಯದಾಯಿತು ಎನ್ನುವುದೂ ತಪ್ಪು. ಒಳ್ಳೆಯದು ಮಾಡಿದ್ದು ಬೇಲಿಯಲ್ಲ. ತಾವೇ ಬಂಧನದಲ್ಲಿದ್ದರೂ ಪಕ್ಕದ ಮನೆಯ ರೋಗಿಷ್ಠ ಹುಡುಗನ ಕೈಗೆ ಡಂಬೆಲ್ ಕೊಟ್ಟು ಕಲಿಸಿದ ಆ ಯುವಕರು. ಕೊನೊ ಉಳಿದ ಬದುಕಿನುದ್ದಕ್ಕೂ ಮಾಡಿದ್ದು ಅದೇ ಕೆಲಸ.

2016ರ ಏಪ್ರಿಲ್ 24ರಂದು ಹೊನೊಲುಲುವಿನಲ್ಲಿ ಟಾಮಿ ಕೊನೊ ತೀರಿಕೊಂಡರು. ಅವರಿಗೆ 85 ವರ್ಷವಾಗಿತ್ತು.