ದಿವಾನಗಿರಿ ಬಿಟ್ಟ ಮೇಲಿನ ಸರ್ ಎಂ.ವಿ.

ಸೆಪ್ಟೆಂಬರ್ 15 ಬಂತೆಂದರೆ ನಮ್ಮ ಕನ್ನಡ ಸಂಘಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಭಾಷಣಗಳಲ್ಲಿ ಕನ್ನಂಬಾಡಿ ಕಟ್ಟೆ ಬರುತ್ತದೆ, ಹೈದರಾಬಾದಿನ ಮೂಸಿ ನದಿಯ ಪ್ರವಾಹ ಬರುತ್ತದೆ, ಅಲ್ಲಿಗೆ ಕಾರ್ಯಕ್ರಮ ಮುಗಿಯುತ್ತದೆ. ಮೈಸೂರಿನ ದಿವಾನಗಿರಿ ಬಿಟ್ಟ ಮೇಲೆ ಅವರು 40 ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದರು, ಆ ವರ್ಷಗಳನ್ನು ಬಹುಮಟ್ಟಿಗೆ ಉದ್ಯಮರಂಗಕ್ಕೇ ಕೊಟ್ಟರು ಎಂಬುದು ನೆನಪಾಗುವುದು ಕಡಿಮೆ. ಆ ಕಥೆಯ ದೊಡ್ಡ ಭಾಗ ನಡೆದದ್ದು ಮುಂಬಯಿಯಲ್ಲೇ.

ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ಅವರು 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆ ಸೇರಿದರು. ನಾಸಿಕ್, ಧುಳೆ, ಸೂರತ್, ಸಕ್ಕರ್ ಎಂದು ಸುತ್ತಿದರು. ಖಡಕವಾಸ್ಲಾ ಜಲಾಶಯದ ಸ್ವಯಂಚಾಲಿತ ಬಾಗಿಲುಗಳು ಆ ಸೇವೆಯ ಫಲ. ಭಾರತೀಯನೊಬ್ಬನಿಗೆ ಅಲ್ಲಿ ಮುಖ್ಯ ಎಂಜಿನಿಯರ್ ಹುದ್ದೆ ಸಿಗದೆಂದು ಖಚಿತವಾದಾಗ ತಾವಾಗಿಯೇ ನಿವೃತ್ತಿ ಪಡೆದರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನರು. ಮೈಸೂರು ಬ್ಯಾಂಕು, ಗಂಧದೆಣ್ಣೆ ಕಾರ್ಖಾನೆ, ವಾಣಿಜ್ಯೋದ್ಯಮ ಮಂಡಳಿ ಎಲ್ಲವೂ ಆ ಆರು ವರ್ಷಗಳಲ್ಲಿ ಬಂದವು. ಸರಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಮೀಸಲಾತಿ ನೀಡುವ ವಿಚಾರದಲ್ಲಿ ಮಹಾರಾಜರ ನಿಲುವು ಅವರಿಗೆ ಒಪ್ಪಿಗೆಯಾಗಲಿಲ್ಲ. 1918ರ ಕೊನೆಗೆ ಅಧಿಕಾರ ಬಿಟ್ಟು ಹೊರಬಂದರು. (ಆ ವಿಚಾರದಲ್ಲಿ ಕಾಲ ಮಹಾರಾಜರ ಕಡೆಗೇ ನಿಂತಿತೆಂದು ಅಭಿಮಾನಿಗಳೂ ಒಪ್ಪಬೇಕು.)

ಅವರೇ ಯೋಜಿಸಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಗುವ ಹೊತ್ತಿಗೆ ಕಬ್ಬಿಣದ ಬೆಲೆ ಬಿದ್ದುಹೋಗಿತ್ತು. ನಷ್ಟ ಬಂತು, ಟೀಕೆಯೂ ಬಂತು. ಮಹಾರಾಜರ ಕರೆಗೆ ಓಗೊಟ್ಟು ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿದ ಸರ್ ಎಂ.ವಿ. 1929ರವರೆಗೆ ಅದನ್ನು ನಡೆಸಿದರು. ಅದಕ್ಕಾಗಿ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ಬೆಂಗಳೂರಿನಲ್ಲಿ ಕಸುಬು ಕಲಿಸುವ ಸಂಸ್ಥೆಗೆ ಕೊಡಿಸಿದರು. ಈ ನಡುವೆ, 1927ರಲ್ಲಿ, ಟಾಟಾ ಉಕ್ಕಿನ ಕಂಪನಿಯ ನಿರ್ದೇಶಕರಾದರು. ಆ ಸ್ಥಾನದಲ್ಲಿ 1955ರವರೆಗೂ ಇದ್ದರು.

ಅವರ ಮನಸ್ಸು ನೆಟ್ಟಿದ್ದು ಮೋಟಾರು ಕಾರಿನ ಮೇಲೆ. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಯುರೋಪ್ ಮತ್ತು ಅಮೆರಿಕಕ್ಕೆ ಹೋಗಿ ಕಾರಿನ ಕಾರ್ಖಾನೆಗಳನ್ನು ನೋಡಿಬಂದರು. ಮುಂಬಯಿಯಲ್ಲಿ ಕಾರ್ಖಾನೆ ಕಟ್ಟುವ ಯೋಜನೆ ಬರೆದರು. ಬಿ.ಜಿ. ಖೇರ್ ಅವರ ಕಾಂಗ್ರೆಸ್ ಸರಕಾರ ನೆರವಿಗೆ ಮುಂದಾಯಿತು. 1939ರಲ್ಲಿ ಆ ಸರಕಾರವೇ ರಾಜೀನಾಮೆ ಕೊಟ್ಟಿತು. ಆಮೇಲೆ ಸೊಲ್ಲಾಪುರದ ವಾಲಚಂದ್ ಹೀರಾಚಂದ್ ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡರು, ಮೈಸೂರು ಸಂಸ್ಥಾನ ಬೆಂಬಲಕ್ಕೆ ಬಂತು. ಕಾರ್ಖಾನೆ ಬೆಂಗಳೂರಿಗೆ ಬರುತ್ತದೆ ಎನ್ನುವಷ್ಟರಲ್ಲಿ ದಿಲ್ಲಿಯ ಬ್ರಿಟಿಷ್ ಸರಕಾರ ಅಡ್ಡ ನಿಂತಿತು, ಮೈಸೂರು ಹಿಂದೆ ಸರಿಯಬೇಕಾಯಿತು. ವಿಚಿತ್ರವೆಂದರೆ ಅದೇ ವಾಲಚಂದರಿಗೆ ಅದೇ ಬೆಂಗಳೂರಿನಲ್ಲಿ 1940ರ ಡಿಸೆಂಬರಿನಲ್ಲಿ ವಿಮಾನ ಕಾರ್ಖಾನೆ ತೆರೆಯಲು ಅಡ್ಡಿಯಾಗಲಿಲ್ಲ. ಯುದ್ಧಕ್ಕೆ ವಿಮಾನ ಬೇಕಿತ್ತು. ಭಾರತೀಯರ ಕಾರು ಯಾರಿಗೂ ಬೇಕಿರಲಿಲ್ಲ.

ಸರ್ ಎಂ.ವಿ. ಸುಮ್ಮನೆ ಕೂರಲಿಲ್ಲ. 1941ರಲ್ಲಿ ಅಖಿಲ ಭಾರತ ಉತ್ಪಾದಕರ ಸಂಘಟನೆಯನ್ನು ಮುಂಬಯಿಯಲ್ಲಿ ಸ್ಥಾಪಿಸಿ ಅದರ ಅಧ್ಯಕ್ಷರಾದರು. ಟಾಟಾ ಮಂಡಳಿಯಿಂದ ಬಿಡುಗಡೆಯಾದ 1955ರಲ್ಲೇ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದಾಗ ಅವರಿಗೆ ನೂರು ತುಂಬಿತ್ತು.

ಕಾರು ಮಾತ್ರ ಕೊನೆಗೂ ಬಂತು, ಅವರ ಕೈಯಿಂದಲ್ಲ. ವಾಲಚಂದರ ಪ್ರೀಮಿಯರ್ ಕಂಪನಿ 1944ರಲ್ಲಿ ಹುಟ್ಟಿ, 1947ರಲ್ಲಿ ಕುರ್ಲಾದ ಕಾರ್ಖಾನೆಯಿಂದ ಕಾರುಗಳನ್ನು ಹೊರತಂದಿತು. ನಾವೆಲ್ಲ ದಾದರ್, ಮಾಟುಂಗಾದಲ್ಲಿ ಕೈ ಅಡ್ಡ ಹಿಡಿದು ನಿಲ್ಲಿಸುತ್ತಿದ್ದ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿ ಅದೇ ಕಂಪನಿಯದು. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ಮುಂಬಯಿಯ ರಸ್ತೆಯಿಂದ ಸರಿಯಿತು.