ಕೊಳಗದ ಅಳತೆ, ಬಾಡಿಗೆಯ ಅಳತೆ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಮ್ಮ ತಂದೆಯಿಂದ ಬಂದ ಹಳೆಯದೊಂದು ಕಟ್ಟಡವಿದೆ. ಅದರ ಮುಂಭಾಗದಲ್ಲಿ ಎರಡು ಮಳಿಗೆಗಳು. ಒಂದೊಂದೂ ಹತ್ತಡಿ ಅಗಲ, ಹದಿನಾಲ್ಕಡಿ ಉದ್ದ. ಎರಡರಲ್ಲೂ ತಂದೆಯ ಕಾಲದ ಬಾಡಿಗೆದಾರರ ಮಕ್ಕಳೇ ಈಗಲೂ ವ್ಯಾಪಾರ ಮಾಡುತ್ತಿದ್ದಾರೆ. ಅವರು ಕೊಡುವ ಬಾಡಿಗೆ ಕಟ್ಟಡದ ಸುಣ್ಣಬಣ್ಣಕ್ಕೂ ಸಾಲದು. ಕಳೆದ ವರ್ಷ ಬಿಲ್ಡರೊಬ್ಬರು ಬಂದು, ಹಳೆಯದನ್ನು ಕೆಡವಿ ನಾಲ್ಕಂತಸ್ತಿನ ವಾಣಿಜ್ಯ ಸಂಕೀರ್ಣ ಕಟ್ಟೋಣವೆಂದರು. ಷರತ್ತು ಒಂದೇ: ಆ ಇಬ್ಬರನ್ನು ನಾನೇ ಬಿಡಿಸಿಕೊಡಬೇಕು.

ಆ ರಾತ್ರಿ ನನಗೆ ನೆನಪಾದವರು ಶಾಂತವೇರಿ ಗೋಪಾಲಗೌಡರು. ಮಾಲೀಕನೊಬ್ಬನಿಗೆ ಗೇಣಿದಾರರ ನಾಯಕ ನೆನಪಾಗುವುದು ವಿಚಿತ್ರವೆನಿಸಬಹುದು. ಆದರೆ ಈ ಜಿಲ್ಲೆಯಲ್ಲಿ ಹುಟ್ಟಿದವನಿಗೆ ಒಡೆತನದ ಯಾವ ಪ್ರಶ್ನೆಯನ್ನೂ ಅವರನ್ನು ದಾಟಿ ಯೋಚಿಸುವುದು ಸುಲಭವಲ್ಲ.

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಬಡ ಮನೆತನ, ತಂದೆ ಅಂಚೆಯ ಚೀಲ ಹೊತ್ತು ಊರಿಂದೂರಿಗೆ ನಡೆಯುವ ಕೆಲಸದಲ್ಲಿದ್ದವರು. ಓದುವ ವಯಸ್ಸಿನಲ್ಲೇ 1942ರ ಚಳವಳಿ ಬಂತು, ಹುಡುಗ ಜೈಲು ಕಂಡ. ಸ್ವಾತಂತ್ರ್ಯ ಬಂದಾಗ ಅವರ ವಯಸ್ಸಿನ ಬಹುಮಂದಿ ಕಾಂಗ್ರೆಸ್ಸಿನ ನೆರಳು ಹುಡುಕಿದರೆ, ಅವರು ಸಮಾಜವಾದಿಗಳ ಸಣ್ಣ ಗುಂಪನ್ನು ಆರಿಸಿಕೊಂಡರು. ರಾಮಮನೋಹರ ಲೋಹಿಯಾ ಅವರ ವಿಚಾರಗಳು ಮಲೆನಾಡಿನ ಮಣ್ಣಿನಲ್ಲಿ ಬೇರುಬಿಟ್ಟದ್ದು ಬಹುಮಟ್ಟಿಗೆ ಈ ತರುಣನ ಮೂಲಕ.

ಅವರನ್ನು ನಾಡಿಗೆ ಪರಿಚಯಿಸಿದ್ದು ಕಾಗೋಡು. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ಜಗಳ ಹುಟ್ಟಿದ್ದು ಅಳತೆಯಿಂದ. ಗೇಣಿಯ ಭತ್ತ ಅಳೆದುಕೊಳ್ಳಲು ಒಡೆಯರ ಮನೆಯಲ್ಲಿದ್ದ ಕೊಳಗ ನ್ಯಾಯದ ಕೊಳಗಕ್ಕಿಂತ ದೊಡ್ಡದೆಂಬುದು ಗೇಣಿದಾರರ ದೂರು. ಅವರಲ್ಲಿ ಹೆಚ್ಚಿನವರು ದೀವರು. ಎಚ್. ಗಣಪತಿಯಪ್ಪನವರು ಆಗಲೇ ರೈತ ಸಂಘ ಕಟ್ಟಿ ಅವರನ್ನು ಒಗ್ಗೂಡಿಸಿದ್ದರು. ದೂರು ಹೇಳಿದವರಿಗೆ ಉಳುಮೆ ನಿರಾಕರಿಸಲಾಯಿತು. 1951ರ ಏಪ್ರಿಲ್ 18ರಂದು ರೈತರು ನೇಗಿಲು ಹೊತ್ತು ಗದ್ದೆಗಿಳಿದರು; ಪೊಲೀಸರು ಹಿಡಿದೊಯ್ದರು. ಗೋಪಾಲಗೌಡರು ತಮ್ಮ ಪಕ್ಷವನ್ನು ಆ ಹೋರಾಟದ ಬೆನ್ನಿಗೆ ನಿಲ್ಲಿಸಿ ಅದರ ಮುಂದಾಳಾದರು. ಜೂನ್ ತಿಂಗಳಲ್ಲಿ ಸ್ವತಃ ಲೋಹಿಯಾ ಬಂದು ಬಂಧನಕ್ಕೊಳಗಾದಾಗ ಕಾಗೋಡು ದೇಶಕ್ಕೇ ಗೊತ್ತಾಯಿತು.

ಕಾಗೋಡನ್ನು ನಾವು ಸಾಮಾನ್ಯವಾಗಿ ಗದ್ದೆಯ ಕಥೆಯಾಗಿ ಮಾತ್ರ ಹೇಳುತ್ತೇವೆ. ಅದು ಮನೆಯ ಕಥೆಯೂ ಹೌದು. ಮಲೆನಾಡಿನ ಗೇಣಿದಾರನ ಹುಲ್ಲು ಮಾಡು ಎಷ್ಟೋ ಕಡೆ ನಿಂತಿದ್ದದ್ದು ಒಡೆಯನ ನೆಲದ ಮೇಲೆಯೇ. ಗದ್ದೆ ಬಿಡಿಸಿದರೆ ಅಡುಗೆಮನೆಯ ಒಲೆಯೂ ಆರಿತೆಂದೇ ಅರ್ಥ. ಒಡೆಯನ ಎದುರು ನಿಂತು ಮಾತನಾಡಲು ಬೇಕಾದ ಧೈರ್ಯ, ಮಲಗಲು ಬೇರೊಂದು ಸೂರಿಲ್ಲದವನಿಗೆ ಎಲ್ಲಿಂದ ಬರಬೇಕು? ಗೋಪಾಲಗೌಡರ ರಾಜಕಾರಣವೆಲ್ಲ ನನಗೆ ಈ ಒಂದು ಭಯದ ವಿರುದ್ಧ ನಡೆದ ಹೋರಾಟವಾಗಿ ಕಾಣುತ್ತದೆ. ಸತ್ಯಾಗ್ರಹ ಆ ಕ್ಷಣಕ್ಕೆ ಗೆಲ್ಲಲಿಲ್ಲ. ಆದರೆ ಭಯ ಒಮ್ಮೆ ಬಿರುಕು ಬಿಟ್ಟರೆ ಮತ್ತೆ ಕೂಡಿಕೊಳ್ಳುವುದಿಲ್ಲ.

ಮರುವರ್ಷದ ಚುನಾವಣೆಯಲ್ಲಿ ಕೈಯಲ್ಲಿ ಕಾಸಿಲ್ಲದ ಈ ಅಭ್ಯರ್ಥಿ ಸಾಗರ–ಹೊಸನಗರ ಕ್ಷೇತ್ರದಲ್ಲಿ ನಿಂತರು. ಜನರೇ ಮತದ ಜತೆಗೆ ರೂಪಾಯಿಯನ್ನೂ ಕೊಟ್ಟು, ಕಾಂಗ್ರೆಸ್ಸಿನ ಪ್ರಬಲ ನಾಯಕ ಎ.ಆರ್. ಬದರಿನಾರಾಯಣ್ ಅವರ ವಿರುದ್ಧ ಗೆಲ್ಲಿಸಿದರು. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ವಿಧಾನಸಭೆಗೆ ಬಂದರು. ಸದನದಲ್ಲಿ ಅವರ ಸಿಟ್ಟು ಪ್ರಸಿದ್ಧ. ಒಮ್ಮೆ ಮೈಕು ಕಿತ್ತದ್ದನ್ನು ಇಂದಿಗೂ ಹಿರಿಯರು ನೆನೆಯುತ್ತಾರೆ. ಆ ಸಿಟ್ಟನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಆದರೆ ಗೇಣಿದಾರನ ಪ್ರಶ್ನೆ, ಕನ್ನಡದ ಪ್ರಶ್ನೆ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಿನ ಪ್ರಶ್ನೆ ಬಂದಾಗ ಅವರ ಮಾತಿಗಿದ್ದ ತೂಕವನ್ನು ಎದುರಾಳಿಗಳೂ ಒಪ್ಪುತ್ತಿದ್ದರು. ಅಧಿಕಾರ ಹಿಡಿಯಲಿಲ್ಲ, ಆಸ್ತಿ ಮಾಡಲಿಲ್ಲ. 1978ರಲ್ಲಿ ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿ ಬಂದಾಗ, ಅದರ ನಾಯಕನಲ್ಲಿ ಓದುಗರು ಗುರುತಿಸಿದ್ದು ಇವರನ್ನೇ.

1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ ಅವರು ತೀರಿಕೊಂಡರು. ದೇವರಾಜ ಅರಸು ಮುಖ್ಯಮಂತ್ರಿಯಾಗಿ ಆಗಿನ್ನೂ ಮೂರು ತಿಂಗಳೂ ಆಗಿರಲಿಲ್ಲ. ಅವರು ಬೇಡಿದ್ದು ಕಾನೂನಾದದ್ದು ಅವರಿಲ್ಲದಾಗ. 1961ರ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದದ್ದೇ 1965ರ ಅಕ್ಟೋಬರ್ 2ರಂದು. ಅದರಲ್ಲಿ ಒಡೆಯನಿಗೆ ತಪ್ಪಿಸಿಕೊಳ್ಳುವ ದಾರಿಗಳೇ ಹೆಚ್ಚು. ಅರಸು ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯನ್ನೇ ತೆಗೆದುಹಾಕಿ, ಗೇಣಿಯ ಜಮೀನನ್ನು ಸರ್ಕಾರಕ್ಕೆ ಸೇರಿಸಿತು. ಭೂನ್ಯಾಯ ಮಂಡಳಿಗಳ ಮುಂದೆ ಗೇಣಿದಾರರು ಏಳನೇ ನಮೂನೆಯ ಅರ್ಜಿ ಹಿಡಿದು ನಿಂತರು. ಅದೇ ಕಾಯ್ದೆಯ 38ನೇ ಕಲಮು, ಬೇರೆಯವರ ಜಮೀನಿನಲ್ಲಿ ಮನೆ ಮಾಡಿಕೊಂಡಿದ್ದ ಕೃಷಿ ಕೂಲಿಕಾರನಿಗೆ ಆ ಮನೆಯ ಒಡೆತನವನ್ನೂ ಕೊಡುವ ದಾರಿ ತೆರೆಯಿತು. ಗದ್ದೆಯೂ ಒಲೆಯೂ ಒಂದೇ ಪ್ರಶ್ನೆಯೆಂಬುದನ್ನು ಶಾಸನ ಕೊನೆಗೂ ಒಪ್ಪಿತು.

ಆ ದಾರಿ ಅಲ್ಲಿಗೆ ಮುಗಿಯಲಿಲ್ಲ. ತಾಂಡಾ, ಹಟ್ಟಿ, ಹಾಡಿಗಳಂಥ ದಾಖಲೆಯಿಲ್ಲದ ವಸತಿಗಳಲ್ಲಿ ಬಾಳುವವರಿಗೆ ಮನೆಯ ಹಕ್ಕು ಕೊಡಲು 38ಎ ಎಂಬ ಹೊಸ ಕಲಮು 2017ರಲ್ಲಿ ಬಂತು. ಆಗ ಕಂದಾಯ ಸಚಿವರಾಗಿದ್ದವರು ಅದೇ ಕಾಗೋಡಿನ, ಅದೇ ಸಮಾಜವಾದಿ ಗರಡಿಯ ಕಾಗೋಡು ತಿಮ್ಮಪ್ಪನವರು. 2025ರ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಇಂಥ ಹಕ್ಕುಪತ್ರಗಳು ಸಂದವು. ಗಾಳಿ ಎದುರು ದಿಕ್ಕಿನಿಂದಲೂ ಬೀಸಿದೆ. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳದಂತೆ ತಡೆದಿದ್ದ 79ಎ ಮತ್ತು 79ಬಿ ಕಲಮುಗಳನ್ನು 2020ರಲ್ಲಿ ತೆಗೆಯಲಾಯಿತು. ಗೇಣಿದಾರನಾಗಿದ್ದವನ ಮೊಮ್ಮಗ ಇಂದು ಅದೇ ಗದ್ದೆಯನ್ನು ಬಡಾವಣೆಗೆ ಮಾರಬಹುದು. ಮಾರುವುದು ಅವನ ಹಕ್ಕು. ಆದರೆ ಎಷ್ಟು ಮಂದಿಯ ಎಷ್ಟು ವರ್ಷಗಳ ಜೈಲುವಾಸ ಆ ಹಕ್ಕಿನ ಹಿಂದಿದೆಯೆಂದು ಕ್ರಯಪತ್ರದಲ್ಲಿ ಬರೆದಿರುವುದಿಲ್ಲ.

ಇನ್ನು ನನ್ನ ಮಳಿಗೆಗಳ ಮಾತು. ಪೇಟೆಯ ಬಾಡಿಗೆದಾರನಿಗೆ ಆಸರೆಯಾಗಿದ್ದದ್ದು 1961ರ ಬಾಡಿಗೆ ನಿಯಂತ್ರಣ ಕಾಯ್ದೆ. ಅದರ ನೆರಳಿನಲ್ಲಿ ನಮ್ಮ ತಂದೆ ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ಬಾಡಿಗೆಯ ಹಣಕ್ಕಿಂತ ವಕೀಲರ ಶುಲ್ಕವೇ ಹೆಚ್ಚಾದಾಗ ಸುಮ್ಮನಾದರು. ಮಾಲೀಕನಿಗೆ ಕಟ್ಟಡವನ್ನು ದುರಸ್ತಿ ಮಾಡಿಸುವ ಉತ್ಸಾಹವನ್ನೇ ಆ ಕಾಯ್ದೆ ಕೊಂದಿತೆಂಬ ಆರೋಪದಲ್ಲಿ ಸುಳ್ಳಿಲ್ಲ. ನಮ್ಮ ಮಾಡಿನ ಹೆಂಚುಗಳೇ ಅದಕ್ಕೆ ಸಾಕ್ಷಿ. 2001ರ ಕೊನೆಯ ದಿನ ಅದರ ಜಾಗಕ್ಕೆ ಕರ್ನಾಟಕ ಬಾಡಿಗೆ ಕಾಯ್ದೆ, 1999 ಬಂತು. ವಾಸದ ಮನೆಗಳಲ್ಲಿ ಪ್ರದೇಶಕ್ಕನುಗುಣವಾಗಿ ತಿಂಗಳಿಗೆ 3,500 ಅಥವಾ 2,000 ರೂಪಾಯಿ ಮೀರಿದ ಬಾಡಿಗೆಯವು ಅದರ ಹೊರಗೆ ಉಳಿದವು. ವಾಣಿಜ್ಯ ಕಟ್ಟಡಗಳಲ್ಲಿ 14 ಚದರ ಮೀಟರಿನೊಳಗಿನ ಮಳಿಗೆಗಳಿಗಷ್ಟೇ ರಕ್ಷಣೆ ಉಳಿಯಿತು. ದೊಡ್ಡ ವ್ಯಾಪಾರಿ ತನ್ನ ಚೌಕಾಸಿ ತಾನೇ ಮಾಡಿಕೊಳ್ಳಬಲ್ಲ, ಚಿಕ್ಕವನು ಮಾಡಲಾರ ಎಂಬುದು ಈ ಗೆರೆಯ ಹಿಂದಿನ ತರ್ಕವೆಂದು ನನ್ನ ತಿಳಿವಳಿಕೆ.

ನನ್ನ ಮಳಿಗೆ ನೂರನಲವತ್ತು ಚದರ ಅಡಿ, ಅಂದರೆ ಸುಮಾರು 13 ಚದರ ಮೀಟರು. ಗೆರೆಯ ಒಳಗೇ ಇದೆ. ಕಾನೂನು ಹೇಳಿದ ಕಾರಣವಿಲ್ಲದೆ ಆ ಇಬ್ಬರನ್ನು ನಾನು ಬಿಡಿಸುವಂತಿಲ್ಲ. ಬಿಲ್ಡರು ಬೇರೆ ದಾರಿಗಳನ್ನು ಸೂಚಿಸಿದರು. ನೀರಿನ ನಲ್ಲಿ, ಕರೆಂಟಿನ ತಂತಿ, ಒಡೆದ ಚರಂಡಿ. ಅವು ಯಾವುವೆಂದು ಬಜಾರಿನಲ್ಲಿ ಎಲ್ಲರಿಗೂ ಗೊತ್ತು. ಒಪ್ಪಿಕೊಳ್ಳಲು ನಾಚಿಕೆಯಾದರೂ ಹೇಳುತ್ತೇನೆ: ಎರಡು ದಿನ ನಾನು ಅದನ್ನು ಯೋಚಿಸಿದೆ.

ಬಜಾರಿನ ಬಾಯಿಯಲ್ಲಿ ಶಿವಪ್ಪನಾಯಕನ ಪ್ರತಿಮೆಯಿದೆ. ಹದಿನೇಳನೆಯ ಶತಮಾನದ ಆ ಕೆಳದಿಯ ಅರಸನನ್ನು ಮಲೆನಾಡು ನೆನೆಯುವುದು ಗೆದ್ದ ಯುದ್ಧಗಳಿಗಿಂತ ಹೆಚ್ಚಾಗಿ, ನೆಲ ಅಳೆದು ಕಂದಾಯ ಗೊತ್ತುಮಾಡಿದ ಅವನ ಶಿಸ್ತಿಗೆ. ಅಳತೆ ನೆಟ್ಟಗಿದ್ದರೆ ಕೊಡುವವನೂ ಪಡೆಯುವವನೂ ರಾತ್ರಿ ನಿದ್ರೆ ಮಾಡಬಲ್ಲರು. ಕಾಗೋಡಿನವರು ಮೊದಲು ಕೇಳಿದ್ದೂ ನೆಟ್ಟಗಿನ ಕೊಳಗವನ್ನೇ. ಗೇಣಿಯೇ ಬೇಡವೆಂಬ ಮಾತು ಬಂದದ್ದು, ಆ ಸಣ್ಣ ಬೇಡಿಕೆಗೂ ಕಿವಿಗೊಡುವವರಿಲ್ಲದಾಗ. ಮಾಲೀಕರು ಮರೆಯಬಾರದ ಪಾಠವಿದು. ಬಾಡಿಗೆದಾರರಿಗೂ ಇದರಲ್ಲಿ ಪಾಲಿದೆ: ಮೂವತ್ತು ವರ್ಷದ ಹಿಂದಿನ ಬಾಡಿಗೆಯನ್ನೇ ಹಿಡಿದು ಕೂರುವುದೂ ಒಂದು ಸುಳ್ಳು ಕೊಳಗವೇ.

ಮೂರನೆಯ ದಿನ ಇಬ್ಬರನ್ನೂ ಮನೆಗೆ ಕರೆದು, ಕಾಫಿ ಕೊಟ್ಟು, ಲೆಕ್ಕದ ಪುಸ್ತಕ ಮುಂದಿಟ್ಟೆ. ಹೊಸ ಕಟ್ಟಡವಾದರೆ ನೆಲಮಹಡಿಯಲ್ಲಿ ಅಷ್ಟೇ ಅಳತೆಯ ಮಳಿಗೆ ಅವರಿಗೆ ಮೀಸಲು. ಬಾಡಿಗೆ ಮಾತ್ರ ಇಂದಿನ ಕಾಲಕ್ಕೆ ತಕ್ಕಂತೆ ಹಂತಹಂತವಾಗಿ ಏರಬೇಕು. ಒಬ್ಬರು ಒಪ್ಪಿದ್ದಾರೆ. ಇನ್ನೊಬ್ಬರಿಗೆ ನನ್ನ ಮಾತಿನಲ್ಲಿ ಇನ್ನೂ ನಂಬಿಕೆ ಬಂದಿಲ್ಲ, ಬರೆದುಕೊಡಿ ಎನ್ನುತ್ತಿದ್ದಾರೆ. ಕೇಳುವುದು ನ್ಯಾಯವೇ. ಬಿಲ್ಡರಿಗೆ ಈ ಲೆಕ್ಕ ರುಚಿಸದೆ ಅವರು ಬೇರೆ ನಿವೇಶನ ನೋಡುತ್ತಿದ್ದಾರೆ. ಕಟ್ಟಡ ಏಳುತ್ತದೆಯೋ ಇಲ್ಲವೋ ಗೊತ್ತಿಲ್ಲ. ಈ ಮಳೆಗಾಲಕ್ಕೆ ಮುನ್ನ ಹೆಂಚು ಮಾತ್ರ ಹೊದಿಸಿದ್ದೇನೆ.

ನಮ್ಮೂರಿನಲ್ಲಿ ಗೋಪಾಲಗೌಡರ ಹೆಸರಿನ ಬಡಾವಣೆಯೊಂದಿದೆ. ಅಲ್ಲಿಯೂ ಗೇಟುಗಳ ಮೇಲೆ ಬಾಡಿಗೆಗೆ ಇದೆ ಎಂಬ ಫಲಕಗಳು ತೂಗುತ್ತವೆ. ಬಾಡಿಗೆಗೆ ಕೊಡುವುದು, ಪಡೆಯುವುದು ಯಾವುದೂ ತಪ್ಪಲ್ಲ. ಆ ಹೆಸರಿನ ಬೀದಿಯಲ್ಲಿ ಮನೆ ಕೇಳಿಕೊಂಡು ಬಂದವನು ಅಂಗಳದಲ್ಲಿ ಕೈಕಟ್ಟಿ ನಿಲ್ಲದೆ, ಜಗಲಿಯ ಮೇಲೆ ಕುಳಿತು ಮಾತನಾಡುವಂತಿದ್ದರೆ ಸಾಕು.